ದೊಡ್ಡರೋಗವನ್ನು ಗೆದ್ದ ಕಥೆ



ಗೊರಗುಂಟೆಪಾಳ್ಯದಿಂದ ಹೊರವರ್ತುಲ ರಸ್ತೆ ಹಿಡಿದು ಪೂರ್ವಕ್ಕೆ ಸಾಗಿದರೆ ಕೆಲವೇ ಕಿಲೋಮೀಟರುಗಳಲ್ಲಿ ಹೆಬ್ಬಾಳ ಸಿಗುತ್ತದೆ. ಅಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ನಮ್ಮ ರೈತರ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ. 1925ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಸೀರಂ ಸಂಸ್ಥೆಯಾಗಿ ಅದು ಆರಂಭವಾದದ್ದು ಮುಖ್ಯವಾಗಿ ಒಂದು ಶತ್ರುವನ್ನು ಎದುರಿಸಲು. ಆ ಶತ್ರುವೇ ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್.

ಅದು ಟ್ರ್ಯಾಕ್ಟರ್ ಇಲ್ಲದ ಕಾಲ. ನೇಗಿಲು, ಕೂರಿಗೆ, ಕುಂಟೆ ಎಲ್ಲವೂ ಜೋಡೆತ್ತಿನ ಹೆಗಲನ್ನೇ ನಂಬಿದ್ದವು. ಹದ ಮಳೆ ಬಿದ್ದಾಗ ಎತ್ತು ಸತ್ತರೆ ರಾಗಿ ಬಿತ್ತನೆ ನಿಲ್ಲುತ್ತಿತ್ತು. ಬಿತ್ತನೆ ನಿಂತರೆ ಮನೆಯ ಕಣಜ ಬರಿದಾಗುತ್ತಿತ್ತು. ಜ್ವರ, ಕಣ್ಣು ಮೂಗುಗಳಲ್ಲಿ ಸೋರಿಕೆ, ಬಾಯಿಹುಣ್ಣು, ಕೊನೆಗೆ ನಿಲ್ಲದ ಭೇದಿ. ರೋಗ ಹೊಕ್ಕ ಕೊಟ್ಟಿಗೆಯಲ್ಲಿ ಉಳಿಯುತ್ತಿದ್ದ ದನಗಳು ಕಡಿಮೆ. ದೂರದೂರದ ರಾಸುಗಳು ಸೇರುವ ದನದ ಜಾತ್ರೆಗಳು ರೋಗ ಹರಡಲು ಅನುಕೂಲವಾಗಿದ್ದವು.

ಮೊದಲಿಗೆ ದೊರೆತ ಆಯುಧ ಸೀರಂ. ರೋಗವನ್ನು ಗೆದ್ದ ರಾಸಿನ ರಕ್ತದಲ್ಲಿ ಪ್ರತಿಕಾಯಗಳಿರುತ್ತವೆ. ಅವನ್ನು ಬೇರೆ ರಾಸಿಗೆ ಕೊಟ್ಟರೆ ರಕ್ಷಣೆ ಸಿಗುತ್ತದೆ. ಆದರೆ ಅದು ಎರವಲು ಶಕ್ತಿ. ಕೆಲವು ದಿನಗಳಲ್ಲೇ ಕರಗಿಹೋಗುತ್ತದೆ. ಶರೀರ ತಾನೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಬೇಕಾದರೆ ಲಸಿಕೆ ಬೇಕು. 1920ರ ದಶಕದ ಕೊನೆಯಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ. ಟಿ. ಎಡ್ವರ್ಡ್ಸ್ ಅವರು ವೈರಸ್ಸನ್ನು ಮೇಕೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ದನಗಳ ಮಟ್ಟಿಗೆ ಅದರ ತೀವ್ರತೆಯನ್ನು ತಗ್ಗಿಸಿದರು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಅವರು ಜೀವಕೋಶಗಳಲ್ಲಿ ಬೆಳೆಸಿದ, ಇನ್ನೂ ಸುರಕ್ಷಿತವಾದ ಲಸಿಕೆಯನ್ನು ರೂಪಿಸಿದರು.

ಭಾರತ ಸರ್ಕಾರ 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಿತು. ಕೊನೆಯ ಹಂತದಲ್ಲಿ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಲಸಿಕೆ ಪಡೆದ ದನದಲ್ಲೂ, ರೋಗ ಬಂದು ಹೋದ ದನದಲ್ಲೂ ಪ್ರತಿಕಾಯಗಳಿರುತ್ತವೆ. ಹಾಗಿರುವಾಗ ರೋಗ ನಿಜವಾಗಿ ಹೋಗಿದೆಯೆಂದು ತಿಳಿಯುವುದು ಹೇಗೆ? ಇದಕ್ಕಾಗಿ ಲಸಿಕೆಯನ್ನೇ ನಿಲ್ಲಿಸಬೇಕಾಯಿತು! ಪಶುವೈದ್ಯ ಸಿಬ್ಬಂದಿ ಹಳ್ಳಿ ಹಳ್ಳಿ ತಿರುಗಿ ಹುಡುಕಿದರು. 1995ರ ನಂತರ ದೇಶದಲ್ಲಿ ರೋಗ ಕಾಣಿಸಲಿಲ್ಲ. 2006ರಲ್ಲಿ ಭಾರತಕ್ಕೆ ರೋಗಮುಕ್ತ ರಾಷ್ಟ್ರವೆಂಬ ಮನ್ನಣೆ ಸಿಕ್ಕಿತು. 2011ರಲ್ಲಿ ಇಡೀ ಜಗತ್ತೇ ದೊಡ್ಡರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮಾನವನು ಭೂಮಿಯಿಂದ ಅಳಿಸಿದ ಎರಡನೆಯ ರೋಗ ಇದು.

ಹಾಗಾದರೆ ಕಾಲುಬಾಯಿ ರೋಗ ಇನ್ನೂ ಏಕೆ ಉಳಿದಿದೆ? ಅದರ ವೈರಸ್‌ನಲ್ಲಿ ಏಳು ಬಗೆಗಳಿವೆ; ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದನ್ನು ತಡೆಯದು. ದೊಡ್ಡರೋಗದ ಎಲ್ಲ ತಳಿಗಳಿಗೂ ಒಂದೇ ಲಸಿಕೆ ಸಾಕಾಗಿತ್ತು, ಅದರ ರಕ್ಷಣೆಯೂ ದೀರ್ಘಕಾಲದ್ದು.

ಹೆಬ್ಬಾಳದ ಸಂಸ್ಥೆಯಲ್ಲಿ ಇಂದಿಗೂ ಜಾನುವಾರುಗಳ ಬೇರೆ ರೋಗಗಳಿಗೆ ಲಸಿಕೆ ತಯಾರಾಗುತ್ತದೆ. ನೀವು ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ದೊಡ್ಡರೋಗದ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅದನ್ನು ಕಣ್ಣಾರೆ ಕಂಡವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.