ಹಿತ್ತಿಲ ಹುಣಸೆಯ ಹೆಜ್ಜಾರ್ಲೆಗಳು

ತುಂಗಭದ್ರೆಯ ತೀರದ ನಮ್ಮ ಕುಮಾರಪಟ್ಟಣವನ್ನೊಳಗೊಂಡ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಕೃಷ್ಣಮೃಗಗಳ ರಕ್ಷಣೆಗೆಂದು 1974ರಲ್ಲಿ ಅಭಯಾರಣ್ಯವೊಂದು ಘೋಷಿತವಾಯಿತು. ಅಲ್ಲಿನ ಬಯಲನ್ನೇ ನೆಚ್ಚಿದ್ದ ಎರ್ಲಡ್ಡು ಹಕ್ಕಿಯಾದರೋ ಬರಿನೆಲದ ಮೇಲೆ ಒಂದೇ ಮೊಟ್ಟೆಯನ್ನಿಟ್ಟು ಮನುಷ್ಯಸಂಚಾರದ ಸುಳಿವಿಗೇ ಬೆದರುವಂಥದು; ಹೀಗಾಗಿ ಅದರ ಮರಿಯನ್ನು ಮನೆಯ ಜಗಲಿಯಿಂದ ಕಾಣುವ ಭಾಗ್ಯ ನಮ್ಮವರಿಗೆ ಒದಗಲಿಲ್ಲ. ಹಕ್ಕಿಮರಿಗಳನ್ನು ಮನೆಯಿಂದಲೇ ಕಾಣುವ ಭಾಗ್ಯ ತಲೆಮಾರುಗಳಿಂದ ದೊರೆತಿರುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ.

ಅಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಊರ ನಡುವಣ ಹುಣಸೆ, ಅತ್ತಿ, ಬಸರಿಗಳ ಮೇಲೆ, ಕೆಳಗೆ ಮನೆವಾರ್ತೆ ನಡೆಯುತ್ತಿರುವಂತೆಯೇ, ಗೂಡು ಕಟ್ಟುತ್ತವೆ. ಪ್ಲೇಗಿನ ಹಾವಳಿಗಂಜಿ ಜನ ಶಿಂಷಾ ದಂಡೆಯ ಹಳೆಯೂರನ್ನು ತೊರೆದಾಗ ಹಕ್ಕಿಗಳೂ ಬೆನ್ನಹಿಂದೆಯೇ ಬಂದುವೆಂದು ಹಿರಿಯರು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವುಗಳನ್ನು ಕಾಣುವುದು ಊರಿನ ವಾಡಿಕೆ. ಮೊಟ್ಟೆಯೊಡೆದಾಗ ಹೆಜ್ಜಾರ್ಲೆಯ ಮರಿ ತುಪ್ಪುಳವಿಲ್ಲದ ಬರಿಯ ಮಾಂಸದ ಮುದ್ದೆ. ಬರಬರುತ್ತ ಮೈಮೇಲೆ ಬೆಳ್ಳನೆಯ ತುಪ್ಪುಳ ಮೂಡಿ, ಹಸಿವಿನ ಆತುರದಲ್ಲಿ ತಾಯಿಯ ಕೊಕ್ಕಿನ ಚೀಲದೊಳಕ್ಕೆ ಕತ್ತಿನವರೆಗೂ ತಲೆ ತೂರಿಸಿ ಮೀನುಣ್ಣುವ, ಕೊಂಬೆಯ ತುದಿಯಲ್ಲಿ ನಿಂತು ರೆಕ್ಕೆ ಬಡಿದು ಅಭ್ಯಾಸ ಮಾಡುವ ಈ ಬೆಳವಣಿಗೆಯನ್ನೆಲ್ಲ ಮನೆಯಂಗಳದಿಂದಲೇ ನೋಡುತ್ತ ಊರಿನ ಮಕ್ಕಳೂ ಬೆಳೆದಿದ್ದಾರೆ.

ಭಕ್ತಿಯೊಡನೆ ಪ್ರಯೋಜನವೂ ಇದ್ದಿತು: ಮರದ ಬುಡದಲ್ಲಿ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಆ ಪ್ರಯೋಜನದಿಂದ ಭಕ್ತಿಗೆ ಕುಂದು ಬಂದಿತೆಂದು ನಾನು ಎಣಿಸುವುದಿಲ್ಲ. ಅದರಿಂದಲೇ ಅದು ಬಾಳಿತು.

ಇಂಥ ನಂಟು ಬೆಳ್ಳೂರೊಂದರದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞ ಜೆರ್ಡನ್ ದಕ್ಷಿಣದ ಹಳ್ಳಿಯೊಂದರ ನಡುವೆಯೇ ಹೆಜ್ಜಾರ್ಲೆಗಳು ನಿರ್ಭಯವಾಗಿ ಗೂಡುಕಟ್ಟಿದ್ದುದನ್ನು ಬರೆದಿಟ್ಟಿದ್ದಾನೆ. ಬೆಳ್ಳೂರಿನ ವಿಷಯವನ್ನು ಹೊರಲೋಕದ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು, 1976ರಲ್ಲಿ. ತರುವಾಯ ಹುಣಸೆಯ ಫಸಲನ್ನು ಹಕ್ಕಿಗಳಿಗಾಗಿ ಬಿಟ್ಟುಕೊಟ್ಟ ಮರದೊಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡತೊಡಗಿತು; 1990ರ ದಶಕದಲ್ಲಿ ಊರ ಯುವಕರು ಹೆಜ್ಜಾರ್ಲೆ ಬಳಗವನ್ನು ಕಟ್ಟಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ, ಹಾರಬಲ್ಲಷ್ಟು ಬಲಿಯುವವರೆಗೆ ಸಾಕಿದರು; 2007ರಲ್ಲಿ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಕಾಯಿದೆ ಬರುವ ಮುನ್ನವೇ ಕಾಪಾಡಿದವರು ಗ್ರಾಮಸ್ಥರು. ಗೂಡಿನ ಮರಗಳು ಈಗಲೂ ಅವರ ಹಿತ್ತಿಲಲ್ಲಿವೆ. ಆದುದರಿಂದ ಹಳೆಯ ಹುಣಸೆಯೊಂದು ಕೊಡಲಿಗೆ ಬೀಳದಂತೆ ಅದರೊಡೆಯನಿಗೆ ನ್ಯಾಯವಾದ ಹಣ ಕಾಲಕ್ಕೆ ಸರಿಯಾಗಿ ಸಲ್ಲಲಿ. ಮರಿಗಳನ್ನು ನೋಡಹೋಗುವ ನಾವು ಆ ಮರದಡಿಯಲ್ಲಿ ಗದ್ದಲವೆಬ್ಬಿಸದಿರೋಣ.