ಸರ್ಪಸುತ್ತು

ಸರ್ಪಸುತ್ತು ದೇಹದ ಒಂದು ಪಾರ್ಶ್ವದಲ್ಲಿ, ಒಂದು ನರದ ಹಾದಿಯನ್ನು ಅನುಸರಿಸಿ, ಪಟ್ಟಿಯಂತೆ ಮೂಡುವ ನೀರುಗುಳ್ಳೆಗಳು ಹಾಗೂ ತೀವ್ರ ನೋವಿನಿಂದ ಕೂಡಿದ ಕಾಯಿಲೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹರ್ಪಿಸ್ ಜೋಸ್ಟರ್ ಎಂದು ಹೆಸರು. ಇಂಗ್ಲಿಷಿನ ಬಳಕೆಯ ಮಾತಿನಲ್ಲಿ ಇದು ಶಿಂಗಲ್ಸ್. ಸೀತಾಳೆ ಸಿಡುಬನ್ನು (ಚಿಕನ್‌ಪಾಕ್ಸ್) ಉಂಟುಮಾಡುವ ವಾರಿಸೆಲ್ಲಾ ಜೋಸ್ಟರ್ ಎಂಬ ವೈರಾಣುವೇ ಇದಕ್ಕೂ ಕಾರಣ. ಸಿಡುಬು ವಾಸಿಯಾದ ಬಳಿಕ ವೈರಾಣು ನರಗಳ ಬೇರಿನಲ್ಲಿ ಹಲವು ದಶಕಗಳ ಕಾಲ ಸುಪ್ತವಾಗಿದ್ದು, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಎಚ್ಚರಗೊಳ್ಳುತ್ತದೆ.

ಐವತ್ತು ವರ್ಷ ದಾಟಿದವರಲ್ಲಿ ಈ ಕಾಯಿಲೆ ಹೆಚ್ಚು. ಗುಳ್ಳೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ. ಆದರೆ ಕೆಲವರಲ್ಲಿ ನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ವೈರಾಣುನಾಶಕ ಮಾತ್ರೆ ಆರಂಭಿಸುವುದು ಚಿಕಿತ್ಸೆಯಲ್ಲಿ ಅತ್ಯಂತ ಮುಖ್ಯವಾದ ಸಂಗತಿ. ಕರ್ನಾಟಕದ ಹಳ್ಳಿಗಳಲ್ಲಿ ಈ ಕಾಯಿಲೆಗೆ ಹೊಂದಿಕೊಂಡಿರುವ ನಾಗದೋಷದ ನಂಬಿಕೆಯಿಂದಾಗಿ ಈ ಅವಧಿ ಕೈತಪ್ಪಿಹೋಗುವುದುಂಟು. ಕಾಯಿಲೆಯನ್ನು ತಡೆಯುವ ಲಸಿಕೆ 2023ರಿಂದ ಭಾರತದಲ್ಲಿ ದೊರೆಯುತ್ತಿದೆ.

ಹೆಸರು

ಸೊಂಟ ಅಥವಾ ಎದೆಯ ಸುತ್ತ ಗುಳ್ಳೆಗಳು ಹಾವಿನಂತೆ ಸುತ್ತಿಕೊಳ್ಳುವುದರಿಂದ ಕನ್ನಡದಲ್ಲಿ ಸರ್ಪಸುತ್ತು ಎಂಬ ಹೆಸರು ಬಂದಿದೆ. ಸರ್ಪಹುಣ್ಣು ಎಂಬ ಮಾತೂ ಬಳಕೆಯಲ್ಲಿದೆ. ಮರಾಠಿಯಲ್ಲಿ ಇದನ್ನು ನಾಗೀಣ್ ಎಂದೂ ತೆಲುಗಿನಲ್ಲಿ ಸರ್ಪಿ ಎಂದೂ ತಮಿಳಿನಲ್ಲಿ ಅಕ್ಕಿ ಎಂದೂ ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಹರ್ಪಿಸ್ ಎಂದರೆ ಹರಿದಾಡುವಂಥದ್ದು, ಜೋಸ್ಟರ್ ಎಂದರೆ ನಡುಪಟ್ಟಿ. ಗ್ರೀಕಿನ ಹರ್ಪಿಸ್ ಮತ್ತು ಸಂಸ್ಕೃತದ ಸರ್ಪ, ಇವೆರಡೂ ‘ಹರಿದಾಡು’ ಎಂಬ ಅರ್ಥದ ಒಂದೇ ಇಂಡೋ-ಯುರೋಪಿಯನ್ ಮೂಲಧಾತುವಿನಿಂದ ಬಂದ ಪದಗಳು. ಇಂಗ್ಲಿಷಿನ ಶಿಂಗಲ್ಸ್ ಕೂಡ ನಡುಪಟ್ಟಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದೆ. ಹೆಸರಿನಲ್ಲಿ ಹಾವಿದ್ದರೂ ಕಾಯಿಲೆಗೂ ಹಾವಿಗೂ ಯಾವ ಸಂಬಂಧವೂ ಇಲ್ಲ.

ಕಾರಣ

ಸೀತಾಳೆ ಸಿಡುಬು ಬಂದಾಗ ವೈರಾಣು ಚರ್ಮದಿಂದ ಸಂವೇದನಾ ನರಗಳ ಮೂಲಕ ಸಾಗಿ, ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳನ್ನೂ ಮುಖದ ನರಗಳ ಗಂಟುಗಳನ್ನೂ ಸೇರುತ್ತದೆ. ಮೈಮೇಲಿನ ಕಲೆಗಳು ಮಾಸಿದರೂ ವೈರಾಣು ಅಲ್ಲಿಂದ ಪೂರ್ತಿಯಾಗಿ ಹೊರಹೋಗುವುದಿಲ್ಲ. ದೇಹದ ರಕ್ಷಣಾ ಕಣಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಈ ಕಾವಲು ಸಡಿಲವಾದಾಗ ವೈರಾಣು ವೃದ್ಧಿಯಾಗಿ, ತಾನು ಅಡಗಿದ್ದ ನರದ ಗುಂಟ ಚರ್ಮದತ್ತ ಮರಳುತ್ತದೆ. ಆದುದರಿಂದ ನೋವು ಮೊದಲು, ಗುಳ್ಳೆ ಅನಂತರ.

ಕಾವಲು ಸಡಿಲವಾಗಲು ಮುಖ್ಯ ಕಾರಣ ವಯಸ್ಸು. ಮಧುಮೇಹ, ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ, ಅಂಗಾಂಗ ಕಸಿ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ಹಾಗೂ ಎಚ್‌ಐವಿ ಸೋಂಕು ಇತರ ಕಾರಣಗಳು. ಅಮೆರಿಕದ ಅಂದಾಜಿನಂತೆ ಪ್ರತಿ ಮೂವರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ಒಮ್ಮೆಯಾದರೂ ಸರ್ಪಸುತ್ತು ಬರುತ್ತದೆ.

ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ತಗುಲಿದರೆ, ಹಿಂದೆ ಸೀತಾಳೆ ಸಿಡುಬು ಬಾರದವರಿಗೆ ಆ ಸಿಡುಬು ಬರಬಹುದು. ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುವವರೆಗೆ ಅವುಗಳನ್ನು ಬಟ್ಟೆಯಿಂದ ಮುಚ್ಚಿಟ್ಟು, ಗರ್ಭಿಣಿಯರು, ಹಸುಗೂಸುಗಳು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಂದ ದೂರವಿರುವುದು ಸಾಕು. ರೋಗಿಯನ್ನು ಮನೆಯಿಂದ ಹೊರಗಿಡುವ ಅಗತ್ಯವಿಲ್ಲ.

ಲಕ್ಷಣಗಳು ಮತ್ತು ನೋವು

ಗುಳ್ಳೆ ಮೂಡುವ ಒಂದರಿಂದ ಐದು ದಿನ ಮೊದಲೇ ಆ ಭಾಗದಲ್ಲಿ ಉರಿ, ಚುಚ್ಚುವಿಕೆ, ತುರಿಕೆ ಅಥವಾ ಜುಮ್ಮೆನ್ನುವಿಕೆ ಆರಂಭವಾಗುತ್ತದೆ. ಈ ಹಂತದಲ್ಲಿ ಚರ್ಮದ ಮೇಲೆ ಏನೂ ಕಾಣದ ಕಾರಣ ಎದೆಯ ನೋವನ್ನು ಹೃದಯಾಘಾತವೆಂದೂ ಪಕ್ಕೆಯ ನೋವನ್ನು ಮೂತ್ರಪಿಂಡದ ಕಲ್ಲೆಂದೂ ಭಾವಿಸುವುದುಂಟು. ಅನಂತರ ಕೆಂಪು ಚರ್ಮದ ಮೇಲೆ ನೀರುಗುಳ್ಳೆಗಳ ಗೊಂಚಲು ಕಾಣಿಸಿಕೊಳ್ಳುತ್ತದೆ. ಮೂರರಿಂದ ಐದು ದಿನಗಳವರೆಗೆ ಹೊಸ ಗುಳ್ಳೆಗಳು ಏಳುತ್ತಿದ್ದು, ಏಳರಿಂದ ಹತ್ತು ದಿನಗಳಲ್ಲಿ ಒಣಗುತ್ತವೆ. ಎದೆ ಮತ್ತು ಬೆನ್ನಿನ ಭಾಗದಲ್ಲಿ ಇದು ಹೆಚ್ಚು. ಮುಖ, ಕತ್ತು ಮತ್ತು ಸೊಂಟದಲ್ಲೂ ಬರುತ್ತದೆ.

ಈ ನೋವು ಸಾಮಾನ್ಯ ಗಾಯದ ನೋವಲ್ಲ. ನರವೇ ಉರಿಯೂತಕ್ಕೆ ಒಳಗಾಗಿರುವುದರಿಂದ ಕೆಂಡ ಇಟ್ಟಂತೆ, ವಿದ್ಯುತ್ ಹರಿದಂತೆ ಇರುತ್ತದೆಂದು ರೋಗಿಗಳು ವರ್ಣಿಸುತ್ತಾರೆ. ಅಂಗಿಯ ಸ್ಪರ್ಶ, ಫ್ಯಾನಿನ ಗಾಳಿ, ಹೊದಿಕೆಯ ಭಾರ ಕೂಡ ಅಸಹನೀಯವಾಗಬಹುದು. ರಾತ್ರಿ ನಿದ್ರೆ ಬಾರದು, ಆ ಮಗ್ಗುಲಿಗೆ ಹೊರಳಲಾಗದು. ಮೈಮೇಲೆ ಕಾಣುವ ಗುಳ್ಳೆ ಅಂಗೈಯಗಲವಿದ್ದರೂ ನೋವು ಅದಕ್ಕಿಂತ ಬಹಳ ದೊಡ್ಡದಾಗಿರುವ ಕಾರಣ, ಮನೆಯವರಿಗೆ ರೋಗಿಯ ಸಂಕಟ ಅರ್ಥವಾಗದೆ ಹೋಗುವುದೂ ಉಂಟು.

ತೊಡಕುಗಳು

ಗುಳ್ಳೆ ಮಾಯ್ದು ಮೂರು ತಿಂಗಳು ಕಳೆದರೂ ಉಳಿಯುವ ನೋವಿಗೆ ಪೋಸ್ಟ್‌ಹರ್ಪೆಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಸರ್ಪಸುತ್ತು ಬಂದವರಲ್ಲಿ ಶೇ. 10ರಿಂದ 18ರಷ್ಟು ಮಂದಿಗೆ ಇದು ಕಾಡುತ್ತದೆ. ವಯಸ್ಸಾದಷ್ಟೂ ಇದರ ಸಂಭವ ಹೆಚ್ಚು.

ಹಣೆ, ಕಣ್ರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಕಣ್ಣಿಗೆ ಅಪಾಯವಿದೆ. ಚಿಕಿತ್ಸೆ ತಡವಾದರೆ ದೃಷ್ಟಿ ಹೋಗಬಹುದಾದುದರಿಂದ ಅದೇ ದಿನ ನೇತ್ರತಜ್ಞರನ್ನು ಕಾಣಬೇಕು. ಕಿವಿಯಲ್ಲಿ ಗುಳ್ಳೆ ಬಂದು ಮುಖದ ಒಂದು ಬದಿ ಸೊಟ್ಟಗಾಗುವುದನ್ನು ರಾಮ್ಸೆ ಹಂಟ್ ಲಕ್ಷಣಕೂಟ ಎನ್ನುತ್ತಾರೆ. ಇದೂ ತುರ್ತು ಸ್ಥಿತಿಯೇ. ಮಿದುಳಿನ ಉರಿಯೂತ ವಿರಳ.

ನಂಬಿಕೆಗಳು

ಸರ್ಪದ ತಲೆ ಮತ್ತು ಬಾಲ ಒಂದನ್ನೊಂದು ಮುಟ್ಟಿದರೆ ರೋಗಿ ಬದುಕುವುದಿಲ್ಲ ಎಂಬ ನಂಬಿಕೆ ಕನ್ನಡ ನಾಡಿನ ಉದ್ದಗಲಕ್ಕೂ ಇದೆ. ವಾಸ್ತವದಲ್ಲಿ ಅವು ಕೂಡುವ ಸಂಭವವೇ ಬಹಳ ಕಡಿಮೆ. ಬೆನ್ನುಹುರಿಯಿಂದ ಹೊರಡುವ ನರಗಳು ಎಡಕ್ಕೊಂದು ಬಲಕ್ಕೊಂದು ಪ್ರತ್ಯೇಕವಾಗಿದ್ದು, ದೇಹದ ನಡುಗೆರೆಯಲ್ಲಿ ಕೊನೆಗೊಳ್ಳುತ್ತವೆ. ವೈರಾಣು ಸಾಮಾನ್ಯವಾಗಿ ಒಂದೇ ಬದಿಯ ನರಗಂಟಿನಲ್ಲಿ ಎಚ್ಚರಗೊಳ್ಳುವುದರಿಂದ ಗುಳ್ಳೆಗಳ ಸಾಲು ಆ ಗೆರೆಯ ಬಳಿ ನಿಂತುಬಿಡುತ್ತದೆ. ರೋಗನಿರೋಧಕ ಶಕ್ತಿ ಬಹಳ ಕುಂದಿದವರಲ್ಲಿ ಗುಳ್ಳೆಗಳು ಮೈತುಂಬ ಹರಡಬಹುದು. ಆಗ ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆಯಬೇಕಾಗುತ್ತದೆ.

ನಾಗರಹಾವಿಗೆ ತೊಂದರೆ ಕೊಟ್ಟುದರ ಫಲವಾಗಿ ಈ ಕಾಯಿಲೆ ಬರುತ್ತದೆಂದು ತಿಳಿದು ನಾಗರಕಲ್ಲಿಗೆ ಹಾಲೆರೆಯುವುದು, ಕುಕ್ಕೆ ಸುಬ್ರಹ್ಮಣ್ಯದಂತಹ ಕ್ಷೇತ್ರಗಳಿಗೆ ಹರಕೆ ಹೊರುವುದು ರೂಢಿಯಲ್ಲಿದೆ. ಮಂತ್ರ ಹಾಕಿಸುವುದು, ಗುಳ್ಳೆಗಳ ಮೇಲೆ ಕೆಮ್ಮಣ್ಣು ಅಥವಾ ಗರಿಕೆಯ ಲೇಪ ಹಚ್ಚುವುದು ಸಹ ಉಂಟು. ತಮಿಳುನಾಡಿನಲ್ಲಿ ಕೆಮ್ಮಣ್ಣಿನಿಂದ ಗುಳ್ಳೆಯ ಸುತ್ತ ಚಿತ್ರ ಬರೆಯುವ ಪದ್ಧತಿ ಇದೆ. ಗುಳ್ಳೆಗಳು ಯಾವ ಔಷಧವಿಲ್ಲದೆಯೂ ಕೆಲವು ವಾರಗಳಲ್ಲಿ ಮಾಯುವುದರಿಂದ ಈ ಉಪಚಾರಗಳೇ ಗುಣಪಡಿಸಿದವೆಂಬ ಭಾವನೆ ಬೇರೂರಿದೆ. ಹರಕೆ, ಪೂಜೆಗಳಿಂದ ರೋಗಿಯ ಮನಸ್ಸಿಗೆ ಧೈರ್ಯ ಬರಬಹುದು. ಅವುಗಳಿಂದ ಹಾನಿಯೂ ಇಲ್ಲ. ಹಾನಿ ಇರುವುದು ಕಳೆದುಹೋಗುವ ಮೊದಲ ಮೂರು ದಿನಗಳಲ್ಲಿ ಮತ್ತು ಒಡೆದ ಗುಳ್ಳೆಗೆ ಮಣ್ಣು ತಗುಲಿ ಆಗಬಹುದಾದ ಸೋಂಕಿನಲ್ಲಿ.

ಚಿಕಿತ್ಸೆ

ಎಸೈಕ್ಲೋವಿರ್, ವಾಲಾಸೈಕ್ಲೋವಿರ್ ಮತ್ತು ಫಾಮ್ಸಿಕ್ಲೋವಿರ್ ಎಂಬ ಮಾತ್ರೆಗಳು ವೈರಾಣುವಿನ ವೃದ್ಧಿಯನ್ನು ತಡೆಯುತ್ತವೆ. ವಯಸ್ಕರಿಗೆ ಎಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಬಾರಿ ಅಥವಾ ವಾಲಾಸೈಕ್ಲೋವಿರ್ 1 ಗ್ರಾಂ ದಿನಕ್ಕೆ ಮೂರು ಬಾರಿ, ಸಾಮಾನ್ಯವಾಗಿ ಏಳು ದಿನಗಳ ಕಾಲ ಕೊಡಲಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣವನ್ನು ತಗ್ಗಿಸಬೇಕಾದ ಕಾರಣ ವೈದ್ಯರ ಸಲಹೆಯಿಲ್ಲದೆ ಇವನ್ನು ಸೇವಿಸಬಾರದು. 72 ಗಂಟೆಗಳೊಳಗೆ ಆರಂಭಿಸಿದರೆ ಗುಳ್ಳೆಗಳು ಬೇಗ ಒಣಗುತ್ತವೆ, ಆರಂಭದ ನೋವಿನ ಅವಧಿಯೂ ಕಡಿಮೆಯಾಗುತ್ತದೆ. ಹೊಸ ಗುಳ್ಳೆಗಳು ಏಳುತ್ತಲೇ ಇದ್ದರೆ ಅಥವಾ ಕಣ್ಣಿಗೆ ತಗುಲಿದ್ದರೆ ಈ ಅವಧಿ ಮೀರಿದ ಮೇಲೂ ಚಿಕಿತ್ಸೆ ಕೊಡುತ್ತಾರೆ. ಎಸೈಕ್ಲೋವಿರ್ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ.

ನೋವಿಗೆ ಪ್ಯಾರಾಸಿಟಮಾಲ್ ಮುಂತಾದವು ಸಾಲದಿದ್ದರೆ ಗಬಾಪೆಂಟಿನ್, ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್ ಎಂಬ ನರನೋವಿನ ಔಷಧಗಳನ್ನು ವೈದ್ಯರು ಸೂಚಿಸುತ್ತಾರೆ. ಗುಳ್ಳೆ ಮಾಯ್ದ ಚರ್ಮಕ್ಕೆ ಲಿಗ್ನೋಕೇನ್ ಪಟ್ಟಿ ಅಥವಾ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮನ್ನು ಬಳಸುವುದುಂಟು. ಗುಳ್ಳೆಗಳನ್ನು ಒಡೆಯದೆ, ಸ್ವಚ್ಛವಾಗಿ ತೊಳೆದು, ಸಡಿಲವಾದ ಹತ್ತಿಬಟ್ಟೆ ಧರಿಸುವುದು ಒಳ್ಳೆಯದು.

ಬಾಗಲಕೋಟೆ ಜಿಲ್ಲೆಯಲ್ಲಿ

ಬೀಳಗಿ ತಾಲ್ಲೂಕಿನ ಅನಗವಾಡಿಯಂತಹ ಊರುಗಳಲ್ಲಿ ಹಾಗೂ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕಬ್ಬಿನ ಬೇಸಾಯ ಮತ್ತು ನೇಕಾರಿಕೆ ಅನೇಕರ ಜೀವನಾಧಾರ. ಮೈಬಗ್ಗಿಸಿ ದುಡಿಯುವವರಿಗೆ, ಮಗ್ಗದಲ್ಲಿ ಕೂರುವವರಿಗೆ ಪಕ್ಕೆಯ ಅಥವಾ ಸೊಂಟದ ಸರ್ಪಸುತ್ತೆಂದರೆ ಹಲವು ವಾರಗಳ ಕೂಲಿ ನಷ್ಟ. ನಾಗರಪಂಚಮಿಯನ್ನು ಈ ಭಾಗದಲ್ಲಿ ಬಹು ಸಂಭ್ರಮದಿಂದ ಆಚರಿಸುತ್ತಾರೆ. ಬಾದಾಮಿಯ ಒಂದನೆಯ ಗುಹಾಲಯದ ಛಾವಣಿಯಲ್ಲಿರುವ ನಾಗರಾಜನ ಶಿಲ್ಪವು ಇಲ್ಲಿನ ನಾಗಾರಾಧನೆಯ ಪ್ರಾಚೀನತೆಗೆ ಸಾಕ್ಷಿ. ಅನಗವಾಡಿಯಿಂದ ತಾಲ್ಲೂಕು ಕೇಂದ್ರವಾದ ಬೀಳಗಿಗೂ ಜಿಲ್ಲಾ ಕೇಂದ್ರವಾದ ಬಾಗಲಕೋಟೆಗೂ ಒಂದೇ ದಿನದಲ್ಲಿ ಹೋಗಿ ಬರಬಹುದು. ಬಾಗಲಕೋಟೆಯ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವಿದೆ. ಹೀಗಾಗಿ ಮೂರು ದಿನಗಳ ಅವಧಿಯು ದೂರಕ್ಕಿಂತ ಹೆಚ್ಚಾಗಿ, ಮೊದಲು ಯಾರ ಬಳಿಗೆ ಹೋಗುತ್ತಾರೆ ಎಂಬುದನ್ನು ಅವಲಂಬಿಸಿರುತ್ತದೆ.

ಈ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. 2000ರ ದಶಕದ ಆರಂಭದಲ್ಲಿ ಎಚ್‌ಐವಿ ಸೋಂಕು ಹೆಚ್ಚಾಗಿ ಕಂಡುಬಂದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಎಚ್‌ಐವಿ ಇರುವವರಲ್ಲಿ ಸರ್ಪಸುತ್ತು ಚಿಕ್ಕ ವಯಸ್ಸಿನಲ್ಲೇ ಬರುವುದುಂಟು. ಆದುದರಿಂದ ಯುವಜನರಲ್ಲಿ ಅಥವಾ ಪದೇ ಪದೇ ಸರ್ಪಸುತ್ತು ಬಂದವರಲ್ಲಿ ರಕ್ತಪರೀಕ್ಷೆ ಮಾಡಿಸಲು ವೈದ್ಯರು ಹೇಳುತ್ತಾರೆ. ಸರ್ಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಸರ್ಪಸುತ್ತು ಬಂದ ಬಹುಪಾಲು ಜನರಿಗೆ ಎಚ್‌ಐವಿ ಇರುವುದಿಲ್ಲ. ಪರೀಕ್ಷೆಯ ಸಲಹೆಯನ್ನು ಕಳಂಕವೆಂದು ಭಾವಿಸಬೇಕಾಗಿಲ್ಲ.

ಲಸಿಕೆ

ಸರ್ಪಸುತ್ತಿನ ಮೊದಲ ಲಸಿಕೆ ಜೋಸ್ಟಾವ್ಯಾಕ್ಸ್ 2006ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಅದು ದುರ್ಬಲಗೊಳಿಸಿದ ಜೀವಂತ ವೈರಾಣುವಿನಿಂದ ಮಾಡಿದ್ದು. 2020ರಲ್ಲಿ ಅಲ್ಲಿ ಅದರ ಬಳಕೆ ನಿಂತಿತು. 2017ರಲ್ಲಿ ಅನುಮೋದನೆ ಪಡೆದ ಶಿಂಗ್ರಿಕ್ಸ್ ಲಸಿಕೆಯಲ್ಲಿ ಜೀವಂತ ವೈರಾಣು ಇಲ್ಲ. ವೈರಾಣುವಿನ ಒಂದು ಪ್ರೋಟೀನು ಮತ್ತು ನಿರೋಧಕ ಶಕ್ತಿಯನ್ನು ಪ್ರಚೋದಿಸುವ ವಸ್ತು ಮಾತ್ರ ಇವೆ. ಐವತ್ತು ವರ್ಷ ದಾಟಿದವರ ಮೇಲೆ ನಡೆದ ಮುಖ್ಯ ಪ್ರಯೋಗದಲ್ಲಿ ಇದು ಶೇ. 97ರಷ್ಟು ಪರಿಣಾಮಕಾರಿಯಾಗಿತ್ತು. ಎಪ್ಪತ್ತು ದಾಟಿದವರಲ್ಲಿ ಪರಿಣಾಮ ಶೇ. 90ರ ಆಸುಪಾಸಿನಲ್ಲಿತ್ತು. ರಕ್ಷಣೆ ಕ್ರಮೇಣ ತಗ್ಗಿದರೂ ಹತ್ತು ವರ್ಷಗಳ ಬಳಿಕವೂ ಗಣನೀಯವಾಗಿ ಉಳಿದಿರುವುದು ಕಂಡುಬಂದಿದೆ.

ಭಾರತದಲ್ಲಿ ಈ ಲಸಿಕೆ 2023ರಲ್ಲಿ, ಐವತ್ತು ವರ್ಷ ಮತ್ತು ಮೇಲ್ಪಟ್ಟವರಿಗಾಗಿ ಬಿಡುಗಡೆಯಾಯಿತು. ತೋಳಿನ ಸ್ನಾಯುವಿಗೆ ಎರಡು ಡೋಸ್‌ಗಳನ್ನು, ಎರಡರಿಂದ ಆರು ತಿಂಗಳ ಅಂತರದಲ್ಲಿ ಕೊಡಲಾಗುತ್ತದೆ. ಒಮ್ಮೆ ಸರ್ಪಸುತ್ತು ಬಂದವರೂ ಇದನ್ನು ಹಾಕಿಸಿಕೊಳ್ಳಬಹುದು, ಏಕೆಂದರೆ ಕಾಯಿಲೆ ಮರುಕಳಿಸಬಹುದು. ಆದರೆ ಗುಳ್ಳೆಗಳು ಪೂರ್ತಿ ಮಾಯುವವರೆಗೆ ಕಾಯಬೇಕು. ಇದು ಬಂದ ಕಾಯಿಲೆಯನ್ನಾಗಲಿ ಉಳಿದ ನೋವನ್ನಾಗಲಿ ವಾಸಿಮಾಡುವ ಮದ್ದಲ್ಲ. ಬಾಲ್ಯದಲ್ಲಿ ಸಿಡುಬು ಬಂದಿತ್ತೇ ಎಂಬುದು ನೆನಪಿಲ್ಲದಿದ್ದರೂ ಅಡ್ಡಿಯಿಲ್ಲ.

ತೋಳುನೋವು, ಮೈಕೈನೋವು, ಆಯಾಸ, ತಲೆನೋವು, ಜ್ವರ ಎರಡು ಮೂರು ದಿನ ಇರುವುದು ಸಾಮಾನ್ಯ. ಗಿಯಾನ್ ಬಾರೆ ಎಂಬ ನರದೌರ್ಬಲ್ಯ ಅತಿ ವಿರಳವಾಗಿ ವರದಿಯಾಗಿದ್ದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಆ ಬಗ್ಗೆ ಎಚ್ಚರಿಕೆಯನ್ನು ಸೇರಿಸಿತು. ಲಸಿಕೆಯ ಅಂಶಗಳಿಗೆ ತೀವ್ರ ಅಲರ್ಜಿ ಇರುವವರು ಇದನ್ನು ಪಡೆಯಬಾರದು.

ಈ ಲಸಿಕೆ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಸಾವಿರಾರು ರೂಪಾಯಿಗಳ ವೆಚ್ಚವನ್ನು ಕುಟುಂಬವೇ ಭರಿಸಬೇಕಾಗುವುದರಿಂದ ಹಳ್ಳಿಯ ಹಿರಿಯರಲ್ಲಿ ಅನೇಕರಿಗೆ ಇದು ನಿಲುಕದು. ಲಸಿಕೆ ಪಡೆಯಲಾಗದವರಿಗೆ ಇರುವ ರಕ್ಷಣೆಯೆಂದರೆ ಬೇಗನೆ ಗುರುತಿಸುವುದು: ಮೈಯ ಒಂದೇ ಬದಿಯಲ್ಲಿ ಉರಿನೋವು, ಅದರ ಹಿಂದೆಯೇ ಗುಳ್ಳೆಗಳ ಸಾಲು ಕಂಡರೆ ಆ ದಿನವೇ ವೈದ್ಯರ ಬಳಿಗೆ ಹೋಗುವುದು.

ಇತಿಹಾಸ

ಸರ್ಪಸುತ್ತಿನ ರೋಗಿಗಳಿದ್ದ ಮನೆಗಳಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಹಂಗೇರಿಯ ವೈದ್ಯ ಯಾನೋಶ್ ಬೊಕಾಯ್ 19ನೆಯ ಶತಮಾನದ ಕೊನೆಯಲ್ಲಿ ಗಮನಿಸಿದರು. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಗುಳ್ಳೆಗಳ ಸಾಲನ್ನು ಆಧರಿಸಿ ಚರ್ಮದ ನರವಲಯಗಳ ನಕ್ಷೆ ರಚಿಸಿದರು. ಎರಡೂ ಕಾಯಿಲೆಗಳಿಗೆ ಒಂದೇ ವೈರಾಣು ಕಾರಣವೆಂಬುದನ್ನು 1950ರ ದಶಕದಲ್ಲಿ ಥಾಮಸ್ ವೆಲ್ಲರ್ ಪ್ರಯೋಗಾಲಯದಲ್ಲಿ ತೋರಿಸಿದರು. ಸುಪ್ತ ವೈರಾಣು ಮರಳಿ ಎಚ್ಚರಗೊಳ್ಳುತ್ತದೆಂಬ ವಾದವನ್ನು 1965ರಲ್ಲಿ ವಿಸ್ತಾರವಾಗಿ ಮಂಡಿಸಿದವರು ಇಂಗ್ಲೆಂಡಿನ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಜಪಾನಿನ ಮಿಚಿಯಾಕಿ ತಕಾಹಾಶಿ 1974ರಲ್ಲಿ ಸೀತಾಳೆ ಸಿಡುಬಿನ ಲಸಿಕೆಯನ್ನು ಪ್ರಕಟಿಸಿದರು. ಎಸೈಕ್ಲೋವಿರ್‌ನ ಅಭಿವೃದ್ಧಿಯಲ್ಲಿ ಪ್ರಮುಖ ಪಾತ್ರ ವಹಿಸಿದ ಗರ್ಟ್ರೂಡ್ ಎಲಿಯನ್ 1988ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ಹಂಚಿಕೊಂಡರು.