ಬಾಡಿಗೆಯ ಕಟ್ಟಡವೂ ಬರಹದ ನಷ್ಟವೂ

ಬಾಡಿಗೆಗೆಂದು ಮನೆ ಕಟ್ಟಿಸಿದವನಿಗೆ ನಷ್ಟವಾಯಿತೆಂದರೆ ಕೇಳಿದವರು ಮರುಗುವುದು ಸಹಜ. ಆದರೆ ನಷ್ಟವನ್ನೇ ಅರಸಿಕೊಂಡು ಹೋಗಿ ಹಣ ಹೂಡಿದವರೂ ಲೋಕದಲ್ಲಿ ಇದ್ದರೆಂಬುದಕ್ಕೆ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ವರಮಾನ ತೆರಿಗೆಯ ಚರಿತ್ರೆಯು ಸಾಕ್ಷಿಯಾಗಿರುವುದು.

1981ನೆಯ ಇಸವಿಯಲ್ಲಿ ಆ ದೇಶದ ಶಾಸನಸಭೆಯು, ಬಾಡಿಗೆಯ ಕಟ್ಟಡದ ಬೆಲೆಯನ್ನೆಲ್ಲ 15 ವರ್ಷಗಳಲ್ಲಿ ಸವಕಳಿಯೆಂದು ಲೆಕ್ಕದಲ್ಲಿ ಕಳೆಯಬಹುದೆಂದು ಅನುಮತಿಯಿತ್ತಿತು. ಅಷ್ಟು ಕಾಲದಲ್ಲಿ ಕಟ್ಟಡವು ಸವೆದುಹೋಗುವುದೆಂದು ಯಾವ ಮೇಸ್ತ್ರಿಯೂ ಹೇಳಲಾರನು. ಜನರು ಧಾರಾಳವಾಗಿ ಬಂಡವಾಳ ಹೂಡಲೆಂಬುದೇ ಶಾಸನಕರ್ತರ ಆಶಯ. ಇದರ ಫಲವನ್ನು ಒಂದು ಲೆಕ್ಕದಿಂದ ತೋರಿಸುವೆನು. ಬಹುಕಾಲ ಹುಡುಗರಿಗೆ ಪಾಠ ಹೇಳಿದವನ ಅಭ್ಯಾಸವಿದು, ವಾಚಕರು ಸೈರಿಸಬೇಕು.

ವೈದ್ಯನೊಬ್ಬನು, ನೆಲದ ಬೆಲೆಯನ್ನು ಬಿಟ್ಟು 1,00,000 ಡಾಲರಿನ ಕಟ್ಟಡಕ್ಕೆ ಒಡೆಯನಾದನೆನ್ನೋಣ. ಕೈಯಿಂದ ಹಾಕಿದುದು 10,000, ಮಿಕ್ಕುದೆಲ್ಲ ಸಾಲ. ಬಂದ ಬಾಡಿಗೆಯು ಬಡ್ಡಿಗೂ ಖರ್ಚಿಗೂ ಸರಿಹೋಯಿತು. ಅವನಿಗೆ ಒಂದು ಕಾಸೂ ನಷ್ಟವಿಲ್ಲ. ಆದರೂ ಪುಸ್ತಕದಲ್ಲಿ ವರ್ಷಕ್ಕೆ 6,666 ಡಾಲರು ಸವಕಳಿಯ ನಷ್ಟ! ಇದನ್ನು ತನ್ನ ವೈದ್ಯವೃತ್ತಿಯ ಸಂಪಾದನೆಯಿಂದ ಕಳೆದರೆ, ಅಂದಿನ ಅತ್ಯಧಿಕ ದರವಾದ ನೂರಕ್ಕೆ 50ರಂತೆ, 3,333 ಡಾಲರು ತೆರಿಗೆ ಉಳಿಯಿತು. ಮೂರು ವರ್ಷಗಳಲ್ಲಿ ಹಾಕಿದ ಹಣ ಹಿಂದಕ್ಕೆ ಬಂದಂತಾಯಿತು. ಕಟ್ಟಡವನ್ನು ಮಾರಿದಾಗ ತೆರಿಗೆ ಕೊಡಬೇಕಾಗುವುದು ನಿಜ. ಅದು ಬಹುದಿನಗಳ ಮೇಲಿನ ಮಾತು. ಎಷ್ಟೋ ವೇಳೆ ಸಾಲಕ್ಕೆ ಕಟ್ಟಡವೊಂದೇ ಈಡಾಗಿದ್ದು, ಸಾಲಗಾರನಿಗೆ ಸ್ವಂತ ಹೊಣೆಯೇ ಇರಲಿಲ್ಲ. ಅಂತಹ ಸಾಲವನ್ನೂ ಕಟ್ಟಡದ ಬೆಲೆಯೊಳಗೆ ಎಣಿಸುವ ಪದ್ಧತಿಗೆ 1947ರಲ್ಲಿ ಕ್ರೇನ್ ವ್ಯಾಜ್ಯದಲ್ಲಿ ಶ್ರೇಷ್ಠ ನ್ಯಾಯಸ್ಥಾನವು ಕೊಟ್ಟ ತೀರ್ಪು ಆಧಾರವಾಯಿತು.

ನಮ್ಮ ಧರ್ಮಶಾಸ್ತ್ರಗಳಲ್ಲಿ ಸಂಭೂಯಸಮುತ್ಥಾನವೆಂಬ ವ್ಯವಹಾರಪದವಿದೆ. ಕೂಡಿ ವ್ಯಾಪಾರಮಾಡಿದವರು ಲಾಭದಂತೆ ನಷ್ಟವನ್ನೂ ಪಾಲಿಗೆ ತಕ್ಕಂತೆ ಹಂಚಿಕೊಳ್ಳಬೇಕೆಂದು ಯಾಜ್ಞವಲ್ಕ್ಯನ ಮತ. ನಷ್ಟದ ಪಾಲಿಗಾಗಿಯೇ ಜನರು ಕೂಡಿಕೊಂಡಾರೆಂಬುದು ಆ ಋಷಿಗೆ ಹೊಳೆದಿರಲಾರದು.

1986ನೆಯ ಅಕ್ಟೋಬರ್ 22ರಂದು ಅಧ್ಯಕ್ಷ ರೀಗನ್ನರು ಸಹಿಮಾಡಿದ ಶಾಸನವು ಈ ದಾರಿಯನ್ನು ಮುಚ್ಚಿತು. ನಷ್ಟವೆಷ್ಟೆಂದು ಕೇಳುವುದರ ಜೊತೆಗೆ, ಉದ್ಯಮದಲ್ಲಿ ನೀನು ದುಡಿದೆಯಾ ಎಂದೂ ಅದು ಕೇಳಿತು. ದುಡಿಯದೆ ತಟಸ್ಥನಾಗಿದ್ದವನ ನಷ್ಟವು ಅಂತಹುದೇ ತಟಸ್ಥ ವರಮಾನದಲ್ಲಿ ಮಾತ್ರ ಕಳೆಯತಕ್ಕದ್ದು. ಮಿಕ್ಕುದು ಮುಂದಿನ ವರ್ಷಗಳಿಗೆ ಸಾಗಿ, ಆಸ್ತಿಯನ್ನು ಪೂರ್ತಿಯಾಗಿ ಪರರಿಗೆ ಮಾರಿದಾಗ ಬಿಡುಗಡೆಯಾಗತಕ್ಕದ್ದು. ವಾಸದ ಕಟ್ಟಡಗಳ ಸವಕಳಿಯ ಅವಧಿಯು 27½ ವರ್ಷಗಳಾಯಿತು.

ಇಷ್ಟಕ್ಕೆ ಆಕ್ಷೇಪಣೆಯಿಲ್ಲ. ಆದರೆ ಹಿಂದಿನ ಶಾಸನದ ಕರೆಗೆ ಓಗೊಟ್ಟು ಅದಾಗಲೇ ಹಣ ಹೂಡಿದ್ದವರಿಗೂ ಇದು ತಗುಲಿತು. ಅವರ ನಷ್ಟದಲ್ಲಿ 1987ರಲ್ಲಿ ನೂರಕ್ಕೆ 65, ಅನಂತರ 40, 20, 1990ರಲ್ಲಿ 10 ಭಾಗ ಒಪ್ಪಿ, ಆಮೇಲೆ ಕೈಬಿಟ್ಟರು. ಕರೆದು ಮಣೆಹಾಕಿದವರೇ ಎಲೆಯನ್ನು ಎಳೆದುಕೊಂಡಂತಾಯಿತು. ಆ ದಶಕದ ಕೊನೆಗೆ ಅಲ್ಲಿ ಮನೆಸಾಲ ಕೊಡುತ್ತಿದ್ದ ನೂರಾರು ಉಳಿತಾಯ ಸಂಸ್ಥೆಗಳು ಮುಳುಗಿದುವು. ಸಡಿಲವಾದ ಸಾಲ, ಮೋಸ, ಎಣ್ಣೆಯ ಬೆಲೆಯ ಇಳಿತ ಮೊದಲಾದ ಕಾರಣಗಳೊಡನೆ ಈ ತೆರಿಗೆಯ ಮಾರ್ಪಾಡನ್ನೂ ಎಣಿಸುವರು.

ಸಣ್ಣ ಮಾಲೀಕರಿಗೆ ಒಂದು ವಿನಾಯಿತಿಯಿತ್ತು. ಬಾಡಿಗೆದಾರರನ್ನು ಆರಿಸುವುದು, ಬಾಡಿಗೆ ಗೊತ್ತುಮಾಡುವುದು, ರಿಪೇರಿಗೆ ಒಪ್ಪಿಗೆ ಕೊಡುವುದು ಇವನ್ನು ತಾನೇ ನೋಡಿಕೊಳ್ಳುವವನು, ಕನಿಷ್ಠ ಹತ್ತರಲ್ಲೊಂದು ಪಾಲುಳ್ಳವನಾಗಿದ್ದರೆ, 25,000 ಡಾಲರುಗಳವರೆಗೆ ನಷ್ಟ ಕಳೆಯಬಹುದು. ವರಮಾನವು 1,00,000 ದಾಟಿದರೆ ಇದು ಕುಗ್ಗುತ್ತ, 1,50,000ಕ್ಕೆ ಇಲ್ಲವಾಗುವುದು. ಬೆಲೆಗಳೆಲ್ಲ ಏರಿದರೂ ಈ ಅಂಕಗಳು ಮಾತ್ರ 1986ರಲ್ಲಿ ಇದ್ದಂತೆಯೇ ಇವೆ. ಇದು ನನಗೆ ನ್ಯಾಯವೆಂದು ತೋರುವುದಿಲ್ಲ.

ಇನ್ನೊಂದು ವಿಪರೀತವೂ ಇತ್ತು. ಎಷ್ಟೇ ದುಡಿದರೂ ಬಾಡಿಗೆಯ ಉದ್ಯಮವು ತಟಸ್ಥವೇ ಎಂದು ಶಾಸನ ವಿಧಿಸಿದ್ದಿತು. ಹಗಲಿರುಳು ಅದೇ ಕಸುಬಿನಲ್ಲಿದ್ದವರೂ ಸುಮ್ಮನೆ ಹಣ ಹಾಕಿದ ವೈದ್ಯನ ಪಂಕ್ತಿಯಲ್ಲೇ ಕುಳಿತರು. 1993ರಲ್ಲಿ ಇದನ್ನು ತಿದ್ದಿದರು: ವರ್ಷದಲ್ಲಿ 750 ಗಂಟೆಗಳಿಗಿಂತ ಹೆಚ್ಚಾಗಿಯೂ ತನ್ನ ಒಟ್ಟು ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚಾಗಿಯೂ ಸ್ಥಿರಾಸ್ತಿಯ ಕಸುಬಿನಲ್ಲಿ ತೊಡಗಿ, ತನ್ನ ಬಾಡಿಗೆಯ ಉದ್ಯಮದಲ್ಲೂ ನಿಜವಾಗಿ ದುಡಿದವನಿಗೆ ಆ ಕಟ್ಟು ಸಡಿಲವಾಯಿತು. ಅಂದಿನಿಂದ ಅಲ್ಲಿಯ ತೆರಿಗೆಯ ನ್ಯಾಯಸ್ಥಾನದ ಮುಂದೆ ಗಂಟೆಗಳ ಲೆಕ್ಕದ್ದೇ ವಾದ. ಬೇರೊಂದು ಉದ್ಯೋಗದಲ್ಲಿ ವರ್ಷಕ್ಕೆ 2,000 ಗಂಟೆ ದುಡಿಯುವವನು ಬಾಡಿಗೆಯ ಮನೆಗಳಿಗಾಗಿ ಅದಕ್ಕೂ ಹೆಚ್ಚು ದುಡಿದೆನೆಂದು ತೋರಿಸಬೇಕು. ವ್ಯಾಜ್ಯ ಬಂದಮೇಲೆ ನೆನಪಿನಿಂದ ಬರೆದ ದಿನಚರಿಗಳನ್ನು ನ್ಯಾಯಾಧೀಶರು ಎಷ್ಟೋ ಸಲ ತಳ್ಳಿಹಾಕಿರುವರು.